ಹಿತ್ತಲ ಬಾಗಿಲು ಒಡೆದು ಕಳ್ಳ ಬಂದಿದ್ದ, ಮೊದಲ ವಾರ ಏನು ಮಾಡಬೇಕು?

ಹಿತ್ತಲಬಾಗಿಲು:

ಹೋದ ಮಂಗಳವಾರ ನಮ್ಮ ಮನೆಗೆ ಕಳ್ಳ ನುಗ್ಗಿದ್ದ. ರಾತ್ರಿ ಅಲ್ಲ, ಹಾಡಹಗಲು. ಹತ್ತೂವರೆಗೆ ನಾನು ಕೊನೆಯವಳಾಗಿ ಮನೆ ಬಿಟ್ಟೆ, ಒಂದೂವರೆಗೆ ಮಗಳು ಶಾಲೆಯಿಂದ ಬಂದಳು. ಹಿಂದಿನ ಬಾಗಿಲು ಅರ್ಧ ತೆರೆದಿರೋದು ಕಂಡು ಒಳಗೆ ಕಾಲಿಡದೆ ಸೀದಾ ಪಕ್ಕದ ಮನೆಗೆ ಓಡಿದ್ದಾಳೆ. ಆ ಹೊತ್ತಿಗೆ ಅವಳಿಗೆ ಆ ಬುದ್ಧಿ ಬಂತಲ್ಲ, ಅದನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಮುಂಬಾಗಿಲಿಗೆ ಎರಡು ಬೀಗ ಇವೆ. ಅವನ್ನು ಮುಟ್ಟಿಯೂ ಇಲ್ಲ. ಹಿತ್ತಲ ಬಾಗಿಲನ್ನು ಒದ್ದಿದ್ದಾನೆ. ವಿಚಿತ್ರ ಅಂದರೆ ಬೀಗ ಮುರಿದೇ ಇಲ್ಲ. ಬೋಲ್ಟ್ ಹಾಗೇ ಹೊರಗೆ ಚಾಚಿಕೊಂಡು ನಿಂತಿತ್ತು. ಒಡೆದದ್ದು ಚೌಕಟ್ಟು. ಬೋಲ್ಟ್ ಹೋಗಿ ಕೂರುವ ತಗಡಿನ ಪಟ್ಟಿ ಮರದ ಸಿಬಿರಿನ ಸಮೇತ ಕಿತ್ತು ನೆಲಕ್ಕೆ ಬಿದ್ದಿತ್ತು, ಅದರಲ್ಲಿ ಎರಡು ಸ್ಕ್ರೂ. ಒಂದನ್ನು ಕೈಲಿ ಹಿಡಿದು ನೋಡಿದೆ. ನನ್ನ ಕಿರುಬೆರಳಿನ ತುದಿಯ ಗೆಣ್ಣಿನಷ್ಟೂ ಉದ್ದ ಇಲ್ಲ. ಇಷ್ಟು ವರ್ಷ ನಮ್ಮನ್ನು ಕಾಯುತ್ತಿದ್ದದ್ದು ಇದೇನಾ ಅನ್ನಿಸಿತು.

ಹೋದದ್ದು ಒಂದು ಲ್ಯಾಪ್‌ಟಾಪ್, ಸ್ವಲ್ಪ ದುಡ್ಡು, ನನ್ನ ಅಮ್ಮನ ಓಲೆ. ಓಲೆ ಮಾತ್ರ ಮರೆಯೋಕೆ ಆಗುತ್ತಿಲ್ಲ. ಪೊಲೀಸರು ಬಂದು ಬೆರಳಚ್ಚು ತೆಗೆದುಕೊಂಡು ಹೋಗಿದ್ದಾರೆ. ಬಾಗಿಲಿಗೆ ಸದ್ಯಕ್ಕೆ ಒಂದು ಹಲಗೆ ಹೊಡೆದಿದ್ದೇವೆ.

ಈಗ ಕ್ಯಾಮೆರಾ, ಅಲಾರಂ, ಹೊಸ ಬೀಗ ಅಂತ ನಾನು ಓಡಾಡುತ್ತಿದ್ದರೆ ಮನೆಯಲ್ಲಿ ಹಿರಿಯರು ಅನ್ನುತ್ತಾರೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು, ಹೋದದ್ದು ಹೋಯ್ತು, ಇನ್ಯಾಕೆ ಖರ್ಚು ಅಂತ. ಅವರು ಹೇಳೋದು ಸರೀನಾ? ನಾನು ಮೊದಲು ಏನು ಮಾಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಬೀಗದಕೆಲಸ:

ಓದಿ ತುಂಬಾ ಬೇಜಾರಾಯ್ತು. ಮಗಳು ಮಾಡಿದ್ದು ನೂರಕ್ಕೆ ನೂರು ಸರಿ. ದೊಡ್ಡವರೇ ಎಷ್ಟೋ ಜನ "ಯಾರದು" ಅಂತ ಕೂಗುತ್ತಾ ಒಳಗೆ ಹೋಗುತ್ತಾರೆ. ಹೋಗಬಾರದು. ಒಳಗಿದ್ದವನು ಓಡುವ ದಾರಿಗೆ ನೀವೇ ಅಡ್ಡ ನಿಂತಂತೆ ಆಗುತ್ತದೆ.

ನಾನು ಬಹಳ ವರ್ಷದಿಂದ ಬೀಗದ ಕೆಲಸ ಮಾಡಿಕೊಂಡು ಬಂದವನು. ನೀವು ಕೈಲಿ ಹಿಡಿದ ಆ ಸ್ಕ್ರೂ ಇದೆಯಲ್ಲ, ನಾನು ಹೋಗುವ ಹತ್ತು ಮನೆಯಲ್ಲಿ ಎಂಟರಲ್ಲಿ ಅದೇ ಇರುತ್ತದೆ. ಜನ ಬೀಗಕ್ಕೆ ದುಡ್ಡು ಹಾಕುತ್ತಾರೆ, ಬೀಗ ಯಾವುದಕ್ಕೆ ಕಚ್ಚಿಕೊಂಡಿದೆ ಅಂತ ನೋಡುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ತಂತಿ ಹಾಕಿ ಬೀಗ ತೆರೆಯುವ ಕಳ್ಳರು ಬಹಳ ಕಡಿಮೆ. ಒದೆಯುತ್ತಾರೆ, ಇಲ್ಲಾ ಸ್ಕ್ರೂಡ್ರೈವರ್ ತುರುಕಿ ಮೀಟುತ್ತಾರೆ. ಒದ್ದಾಗ ಪೂರ್ತಿ ಬಲ ಬೀಳುವುದು ಆ ತಗಡಿನ ಪಟ್ಟಿಯ ಮೇಲೆ. ಅದಕ್ಕೆ ಸ್ಟ್ರೈಕ್ ಪ್ಲೇಟ್ ಅಂತಾರೆ. ಎರಡು ಸೆಂಟಿಮೀಟರ್ ಸ್ಕ್ರೂ ಚೌಕಟ್ಟಿನ ತೆಳು ಮರವನ್ನಷ್ಟೇ ಹಿಡಿದಿರುತ್ತದೆ. ಮರ ಸೀಳಿದರೆ ಮುಗೀತು.

ಹಾಗಾಗಿ ಮೊದಲ ಕೆಲಸ ಇದು. ದಪ್ಪ ಉಕ್ಕಿನ, ಉದ್ದನೆಯ ಸ್ಟ್ರೈಕ್ ಪ್ಲೇಟ್ ಹಾಕಿಸಿ. ಸ್ಕ್ರೂ ಏಳೂವರೆ ಸೆಂಟಿಮೀಟರ್, ಅಂದರೆ ಮೂರು ಇಂಚಿನದು, ಚೌಕಟ್ಟು ದಾಟಿ ಹಿಂದಿನ ಗಟ್ಟಿ ಮರಕ್ಕೆ ಹೋಗಿ ಕಚ್ಚಬೇಕು. ಹಿಂದೆ ಇರೋದು ಇಟ್ಟಿಗೆ ಅಥವಾ ಕಾಂಕ್ರೀಟ್ ಆದರೆ ಅದಕ್ಕೆ ತಕ್ಕ ಆಂಕರ್, ಅಂದರೆ ಗೋಡೆಯೊಳಗೆ ಬಿಗಿಯಾಗಿ ಕಚ್ಚಿಕೊಳ್ಳುವ ಬೋಲ್ಟ್, ಹಾಕಬೇಕು, ಬರೀ ಮರದ ಸ್ಕ್ರೂ ಅಲ್ಲಿ ನಿಲ್ಲಲ್ಲ. ಹಿಂಜುಗಳಿಗೂ ಒಂದೊಂದು ಉದ್ದ ಸ್ಕ್ರೂ ಹೊಡೆಸಿ. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಹಿಂಜಿನ ಪಿನ್ ಹೊರಗೆ ಕಾಣುತ್ತದೆ, ಪಿನ್ ಕಿತ್ತರೂ ಬಾಗಿಲು ಕಳಚದ ಹಾಗೆ ಹಿಂಜ್ ಬೋಲ್ಟ್ ಬೇಕು.

ಡೆಡ್‌ಬೋಲ್ಟ್, ಅಂದರೆ ಕೀ ಅಥವಾ ಕೈಯಲ್ಲಿ ತಿರುಗಿಸಿದರಷ್ಟೇ ಸರಿಯುವ ಬೋಲ್ಟ್, ಚೌಕಟ್ಟಿನೊಳಗೆ ಒಂದು ಇಂಚು, ಅಂದರೆ 25 ಮಿಲಿಮೀಟರ್, ಹೋಗಬೇಕು. ತಾನಾಗಿ ಕ್ಲಿಕ್ ಅಂತ ಬೀಳುವ ಸ್ಪ್ರಿಂಗ್ ಲಾಚ್ ಒಂದನ್ನೇ ನಂಬಬೇಡಿ, ಎಷ್ಟೋ ಕಡೆ ಅದು ಒಂದು ಪ್ಲಾಸ್ಟಿಕ್ ಕಾರ್ಡ್‌ಗೆ ಸೋತುಬಿಡುತ್ತದೆ. ಬಾಗಿಲು ಒಳಗೆ ಪೊಳ್ಳಾಗಿದ್ದರೆ ಬೀಗದ ಮಾತು ಆಮೇಲೆ, ಮೊದಲು ಬಾಗಿಲೇ ಬದಲಾಗಬೇಕು.

ಬೆಳಗಿನಪಾಳಿ:

ಅಕ್ಕಾ, ಖರ್ಚು ಯಾಕೆ ಅನ್ನುವವರ ಮಾತು ಕೇಳಬೇಡಿ. ಕಳ್ಳರು ಮತ್ತೆ ಬರುತ್ತಾರೆ. ನಿಮ್ಮನ್ನು ಹೆದರಿಸೋಕೆ ಹೇಳುತ್ತಿಲ್ಲ, ನಮಗೆ ಆಗಿದೆ ಅದಕ್ಕೆ ಹೇಳುತ್ತಿದ್ದೇನೆ.

ನಮ್ಮದು ಕಿಟಕಿಯಿಂದ ಆದದ್ದು. ಟೀವಿ, ಲ್ಯಾಪ್‌ಟಾಪ್ ಹೋಯ್ತು. ನಾವೂ ನಿಮ್ಮ ಹಾಗೇ ಹಲಗೆ ಹೊಡೆದು, ಮುಂದಿನ ತಿಂಗಳು ಸರಿ ಮಾಡಿಸೋಣ ಅಂದುಕೊಂಡೆವು. ವಿಮೆ ದುಡ್ಡು ಬಂತು, ಹೊಸ ಟೀವಿ ತಂದೆವು, ಖಾಲಿ ಪೆಟ್ಟಿಗೆಯನ್ನು ಕಸದ ಜೊತೆ ರಸ್ತೆ ಬದಿ ಇಟ್ಟೆ. ಹೊಸ ಟೀವಿ ಬಂದಿದೆ ಅಂತ ಊರಿಗೆಲ್ಲ ಹೇಳಿದ ಹಾಗೆ. ಐದು ವಾರ ಆಗಿತ್ತು. ಅದೇ ಕಿಟಕಿ, ಅದೇ ಹಲಗೆ ಕಿತ್ತು ಬಂದರು. ಮೊದಲ ಸಲ ಮನೆಯೆಲ್ಲ ಕಿತ್ತು ಹರಡಿದ್ದರು, ಎರಡನೇ ಸಲ ಒಂದು ಡ್ರಾಯರ್ ಕೂಡ ಎಳೆದಿರಲಿಲ್ಲ. ಯಾವ ಕೋಣೆಗೆ ಹೋಗಬೇಕು ಅಂತ ಗೊತ್ತಿತ್ತು ಅವರಿಗೆ. ನನಗೆ ಸಂಕಟ ಆಗಿದ್ದು ಅದೇ.

ಪೆಟ್ಟಿಗೆಯನ್ನು ಕತ್ತರಿಸಿ, ಒಳಗಿನ ಮೈ ಹೊರಗೆ ಬರುವ ಹಾಗೆ ಮಡಚಿ ಹಾಕಿ.

ಓದಿನಹುಚ್ಚು:

ಬೆಳಗಿನಪಾಳಿ ಹೇಳಿದ್ದು ಅವರೊಬ್ಬರ ಕಥೆ ಅಲ್ಲ. ಇದರ ಬಗ್ಗೆ ದಶಕಗಳಿಂದ ಕೆಲಸ ಆಗಿದೆ. ನನಗೆ ಈ ವಿಷಯದಲ್ಲಿ ತುಂಬಾ ಆಸಕ್ತಿ, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ಕಿರ್ಕ್‌ಹೋಲ್ಟ್ ಅನ್ನುವ ಬಡಾವಣೆ ಇದೆ. 1980ರ ದಶಕದಲ್ಲಿ ಅಲ್ಲಿ ಮನೆಗಳ್ಳತನ ವಿಪರೀತ. ಸಂಶೋಧಕರು ಲೆಕ್ಕ ಹಾಕಿ ನೋಡಿದಾಗ ಒಂದು ವಿಷಯ ಎದ್ದು ಕಂಡಿತು. ಒಮ್ಮೆ ಕಳುವಾದ ಮನೆಗೆ ಮತ್ತೆ ಕಳ್ಳ ಬರುವ ಸಾಧ್ಯತೆ ಬೇರೆ ಮನೆಗಳಿಗಿಂತ ನಾಲ್ಕು ಪಟ್ಟು ಜಾಸ್ತಿ. ಅಂದರೆ ಬಡಾವಣೆ ಪೂರ್ತಿ ಕಾಯಬೇಕಿಲ್ಲ, ಕಳುವಾದ ಮನೆಯನ್ನು ಗಟ್ಟಿ ಮಾಡಿದರೆ ಸಾಕು. ಹಾಗೇ ಮಾಡಿದರು. ಕಳುವಾದ ತಕ್ಷಣ ಆ ಮನೆಯ ಬಾಗಿಲು ಕಿಟಕಿ ಭದ್ರ ಮಾಡಿಕೊಟ್ಟರು. ಆಗ ನಾಣ್ಯ ಹಾಕಿದರೆ ಗ್ಯಾಸು, ಕರೆಂಟು ಕೊಡುವ ಮೀಟರ್ ಮನೆಯೊಳಗೇ ಇರುತ್ತಿದ್ದವು, ಕಳ್ಳರಿಗೆ ಅದು ಹುಂಡಿ ಇದ್ದ ಹಾಗೆ, ಅವನ್ನು ತೆಗೆಸಿದರು. ಸುತ್ತಲಿನ ಐದಾರು ಮನೆಯವರು ಸೇರಿ ಆ ಒಂದು ಮನೆಯ ಮೇಲೆ ಕಣ್ಣಿಡುವ ವ್ಯವಸ್ಥೆ ಮಾಡಿದರು, ರೇಷ್ಮೆ ಹುಳುವಿನ ಸುತ್ತ ಗೂಡು ಇರುತ್ತಲ್ಲ, ಹಾಗೆ. ಅದಕ್ಕೆ ಕಕೂನ್ ಅಂತಲೇ ಹೆಸರಿಟ್ಟರು. ಮೂರು ವರ್ಷದಲ್ಲಿ ಆ ಬಡಾವಣೆಯ ಮನೆಗಳ್ಳತನ ಸುಮಾರು ಶೇ 75ರಷ್ಟು ಇಳಿಯಿತು.

ಯಾಕೆ ಮತ್ತೆ ಬರುತ್ತಾರೆ ಅಂದರೆ, ಕಳ್ಳನಿಗೆ ಕಷ್ಟದ ಕೆಲಸ ಮೊದಲ ಸಲವೇ ಮುಗಿದಿರುತ್ತದೆ. ಒಳಗಿನ ದಾರಿ ಗೊತ್ತು. ಹೊರಲು ಆಗದೆ ಏನು ಬಿಟ್ಟುಹೋದೆ ಅನ್ನೋದು ಗೊತ್ತು. ನೀವು ಯಾವಾಗ ಇರಲ್ಲ ಅನ್ನೋದು ಗೊತ್ತು. ಹೋದ ಜಾಗಕ್ಕೆ ಹೊಸ ಸಾಮಾನು ಬರುತ್ತದೆ ಅನ್ನೋದೂ ಗೊತ್ತು. ಅಪಾಯ ಜಾಸ್ತಿ ಇರೋದು ಮೊದಲ ಕೆಲವು ವಾರ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಇನ್ನೊಂದು ವಿಷಯ, ಪಕ್ಕದ ಮನೆಗಳಿಗೂ ಇದು ಹಬ್ಬುತ್ತದೆ. ಒಂದು ಮನೆ ಕಳುವಾದರೆ ಸುಮಾರು 400 ಮೀಟರ್ ಒಳಗಿನ ಮನೆಗಳಿಗೂ ಒಂದೆರಡು ತಿಂಗಳು ಅಪಾಯ ಹೆಚ್ಚು ಅಂತ ಆಮೇಲಿನ ಅಧ್ಯಯನಗಳು ತೋರಿಸಿವೆ. ಹಾಗಾಗಿ ನಾಚಿಕೊಂಡು ಸುಮ್ಮನಿರಬೇಡಿ, ಅಕ್ಕಪಕ್ಕದವರಿಗೆ ಹೇಳಿ.

ಆ ಗಾದೆ ಕೋಟೆಗೆ ಸರಿ ಇರಬಹುದು. ಮನೆ ವಿಷಯದಲ್ಲಿ ಕೊಳ್ಳೆ ಹೋದ ಮೇಲೆಯೇ ದಿಡ್ಡಿ ಬಾಗಿಲು ಹಾಕಬೇಕು, ಅದೂ ಅದೇ ವಾರ.

ಹಿತ್ತಲಬಾಗಿಲು:

ಎಲ್ಲರಿಗೂ ಧನ್ಯವಾದ. ಈ ಕೊನೆಯ ಸಂದೇಶವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಯಾರೂ ಏನೂ ಅನ್ನಲಿಲ್ಲ, ಆದರೆ ಸಂಜೆ ಹಿರಿಯರೇ ಎದ್ದು ಹೋಗಿ ಆ ಹಲಗೆಗೆ ಇನ್ನೂ ನಾಲ್ಕು ಮೊಳೆ ಹೊಡೆದರು.

ಒಂದು ಕೇಳಬೇಕಿತ್ತು. ಮಲಗುವ ಕೋಣೆಯಲ್ಲಿ ಡ್ರಾಯರ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದೇ ತೆರೆದು ಹಾಗೇ ಬಿಟ್ಟಿದ್ದಾನೆ, ಮೆಟ್ಟಿಲು ಮಾಡಿದ ಹಾಗೆ. ಬೇರೆ ಕೋಣೆ ಮುಟ್ಟೇ ಇಲ್ಲ. ಅದೇಕೆ? ಮತ್ತೆ ಕ್ಯಾಮೆರಾ ಹಾಕಿಸಲಾ, ಅಲಾರಂ ಹಾಕಿಸಲಾ?

ಬೀಗದಕೆಲಸ:

ಮೇಲಿನಿಂದ ಶುರು ಮಾಡಿದರೆ ಕೆಳಗಿನದನ್ನು ನೋಡಲು ಮೇಲಿನದನ್ನು ಮುಚ್ಚಬೇಕಾಗುತ್ತೆ. ಕೆಳಗಿನಿಂದ ತೆರೆದರೆ ಯಾವುದನ್ನೂ ಮುಚ್ಚಬೇಕಿಲ್ಲ. ಅವನಿಗೆ ಪ್ರತಿ ಸೆಕೆಂಡೂ ಲೆಕ್ಕ. ಬಂದವನು ಮೊದಲ ಸಲದವನಲ್ಲ ಅನ್ನಿಸುತ್ತೆ.

ಮಲಗುವ ಕೋಣೆಗೇ ಮೊದಲು ಹೋಗುವುದು ಬಹುತೇಕ ಎಲ್ಲರ ಅಭ್ಯಾಸ, ಯಾಕೆಂದರೆ ನಾವೆಲ್ಲ ಒಡವೆ, ದುಡ್ಡು ಇಡೋದು ಅಲ್ಲೇ. ಬಟ್ಟೆ ಕೆಳಗೆ, ಹಾಸಿಗೆ ಕೆಳಗೆ, ಬೀರು ಮೇಲಿನ ಡಬ್ಬಿ, ಇವೆಲ್ಲ ಅವರಿಗೆ ಬಾಯಿಪಾಠ. ಸಣ್ಣ ತಿಜೋರಿ ತಂದು ಸುಮ್ನೆ ಕಪಾಟಿನಲ್ಲಿ ಇಟ್ಟರೆ ಅದನ್ನೇ ಎತ್ತಿಕೊಂಡು ಹೋಗುತ್ತಾರೆ. ನೆಲಕ್ಕೋ ಗೋಡೆಗೋ ಬೋಲ್ಟ್ ಹಾಕಿ ಬಿಗಿಯಬೇಕು.

ಮೂರನೇಮಹಡಿ:

ಕ್ಯಾಮೆರಾ ಬಗ್ಗೆ ನನ್ನದು ಬೇರೆ ಅಭಿಪ್ರಾಯ, ಕೆಲವರಿಗೆ ಇಷ್ಟ ಆಗದೇ ಇರಬಹುದು. ಕ್ಯಾಮೆರಾ ನೋಡುತ್ತೆ, ತಡೆಯಲ್ಲ. ಟೋಪಿ ಹಾಕಿಕೊಂಡು ತಲೆ ತಗ್ಗಿಸಿ ಬಂದವನ ಮುಖ ಸಿಗುವುದೂ ಇಲ್ಲ. ಬಾಗಿಲು ಭದ್ರ ಆದ ಮೇಲೆ ಕ್ಯಾಮೆರಾ ಹಾಕಿ, ಅದಕ್ಕಿಂತ ಮೊದಲು ಬೇಡ.

ಅಲಾರಂ ಬೇರೆ. 2012ರ ಸುಮಾರಿಗೆ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಷಾರ್ಲಟ್ ಶಾಖೆಯವರು ಮನೆಗಳ್ಳತನಕ್ಕೆ ಶಿಕ್ಷೆಯಾಗಿದ್ದ 422 ಜನರನ್ನು ಪ್ರಶ್ನೆ ಕೇಳಿ ಉತ್ತರ ತೆಗೆದುಕೊಂಡರು. ನುಗ್ಗುವ ಮೊದಲು ಅಲಾರಂ ಇದೆಯಾ ಅಂತ ನೋಡುತ್ತೇವೆ ಅಂದವರು ಶೇ 80ಕ್ಕಿಂತ ಜಾಸ್ತಿ. ಇದ್ದರೆ ಬೇರೆ ಮನೆ ನೋಡಿಕೊಳ್ಳುತ್ತೇವೆ ಅಂದವರು ಸುಮಾರು ಶೇ 60. ಇವರೆಲ್ಲ ಸಿಕ್ಕಿಬಿದ್ದವರು ಅನ್ನೋದನ್ನು ನೆನಪಿಡಬೇಕು, ಸಿಗದೇ ಹೋದವರು ಹೇಗೆ ಯೋಚಿಸುತ್ತಾರೋ. ಆದರೂ ಸದ್ದು ಅವರಿಗೆ ಆಗಲ್ಲ ಅನ್ನೋದು ಸ್ಪಷ್ಟ. ದೊಡ್ಡ ಸದ್ದಿನ ಸೈರನ್, ಕರೆಂಟ್ ಹೋದರೂ ನಡೆಯುವ ಬ್ಯಾಟರಿ, ಬಾಗಿಲು ಕಿಟಕಿಗೆ ಸೆನ್ಸರ್, ಇಷ್ಟಿದ್ದರೆ ಸಾಕು.

ಕ್ಯಾಮೆರಾ ಹಾಕಿಸಿದರೆ ಅದರ ಜೊತೆ ಬಂದ ಪಾಸ್‌ವರ್ಡ್ ಅದೇ ದಿನ ಬದಲಿಸಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ (ಕೇಡು ಮಾಡುವ ಸಾಫ್ಟ್‌ವೇರ್) ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳೊಳಗೆ ಹೊಕ್ಕಿದ್ದು ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ ಯಾರೂ ಬದಲಿಸದ್ದರಿಂದಲೇ. ಮತ್ತೆ ರೆಕಾರ್ಡಿಂಗ್ ಬರೀ ಕ್ಯಾಮೆರಾದೊಳಗಿನ ಕಾರ್ಡಿನಲ್ಲಿ ಇರಬಾರದು. ಕ್ಯಾಮೆರಾ ಕಿತ್ತುಕೊಂಡು ಹೋದರೆ ಸಾಕ್ಷಿಯೂ ಅದರ ಜೊತೆಗೇ ಹೋಗುತ್ತೆ.

ಫ್ಲಾಟಿನಲ್ಲಿರುವವರಿಗೆ ಒಂದು ಮಾತು. ಕೆಳಗಿನ ಗೇಟಿನಲ್ಲಿ ಹಿಂದೆ ಬರುವವರಿಗೆ ಮರ್ಯಾದೆಗೆ ಬಾಗಿಲು ಹಿಡಿದು ನಿಲ್ಲುತ್ತೇವಲ್ವಾ, ಅದೇ ದೊಡ್ಡ ಕಿಂಡಿ. ಗುರುತಿಲ್ಲದವರಾದರೆ "ಯಾರ ಮನೆಗೆ?" ಅಂತ ನಗುತ್ತಲೇ ಕೇಳಿ. ನಿಜವಾದ ಅತಿಥಿಗೆ ಬೇಜಾರಾಗಲ್ಲ.

ಹಳೇಕಿಟಕಿ:

ಎಲ್ಲರೂ ಒಳ್ಳೆಯದೇ ಹೇಳುತ್ತಿದ್ದೀರಿ, ಆದರೆ ಯಾರೂ ಬೆಂಕಿಯ ಮಾತು ಎತ್ತಲಿಲ್ಲ. ದಯವಿಟ್ಟು ಇದನ್ನು ಓದದೆ ಮುಂದೆ ಹೋಗಬೇಡಿ.

ಕಳ್ಳತನ ಆದ ಮನೆಯವರು ಹೆದರಿ ಎಲ್ಲ ಕಿಟಕಿಗೂ ತೆರೆಯಲಾಗದ ಗ್ರಿಲ್ ಹಾಕಿಸುತ್ತಾರೆ. ಒಳಗಿನಿಂದಲೂ ಕೀ ಬೇಕಾದ ಬೀಗ ಹಾಕಿಸುತ್ತಾರೆ. ರಾತ್ರಿ ಬೆಂಕಿ ಹತ್ತಿದರೆ ಏನು ಮಾಡುತ್ತೀರಿ? ಹೊಗೆ ತುಂಬಿದ ಮನೆಯಲ್ಲಿ ನಿಮ್ಮ ಕೈ ನಿಮಗೇ ಕಾಣುವುದಿಲ್ಲ. ಹೊರಬರಲು ಸಿಗುವುದು ಒಂದೆರಡು ನಿಮಿಷ. ಆಗ ಕೀ ಹುಡುಕುತ್ತಾ ನಿಲ್ಲುವಂತಾಗಬಾರದು. ಬೆಂಕಿ ನಂದಿಸುವ ಕೆಲಸದಲ್ಲಿದ್ದವರು ನಮ್ಮ ಮನೆಯಲ್ಲಿದ್ದರು, ಗ್ರಿಲ್ಲಿನ ಹಿಂದೆ ಸಿಕ್ಕಿಕೊಂಡವರ ಬಗ್ಗೆ ಹೇಳುವಾಗ ಅವರ ದನಿ ಬದಲಾಗುತ್ತಿತ್ತು.

ಹಾಗಾಗಿ ಮಲಗುವ ಪ್ರತಿ ಕೋಣೆಯಲ್ಲೂ ಒಂದು ಕಿಟಕಿಯ ಗ್ರಿಲ್ ಒಳಗಿನಿಂದ ಕೀ ಇಲ್ಲದೆ ತೆರೆಯುವಂತಿರಲಿ. ಬಾಗಿಲಿಗೆ ಒಳಗಡೆ ಕೈಯಲ್ಲಿ ತಿರುಗಿಸುವ ಗುಬುಟು ಇರುವ ಬೀಗ ಹಾಕಿಸಿ. ಮಗಳಿಗೆ ಕಣ್ಣು ಮುಚ್ಚಿಕೊಂಡು ಅದನ್ನು ತೆರೆಯುವುದು ಒಮ್ಮೆ ಮಾಡಿಸಿ ನೋಡಿ.

ಬೀಗದಕೆಲಸ:

ಇದು ನಾನೇ ಹೇಳಬೇಕಾಗಿದ್ದ ಮಾತು. ಒಳಗೆ ಗುಬುಟು, ಹೊರಗೆ ಕೀ, ಅದೇ ಸರಿ. ಗುಬುಟಿನ ಪಕ್ಕ ಗಾಜು ಇದ್ದರೆ ಗಾಜು ಒಡೆದು ಕೈ ಹಾಕುತ್ತಾರೆ ಅಂತ ಜನ ಎರಡೂ ಕಡೆ ಕೀ ಕೇಳುತ್ತಾರೆ. ಅದಕ್ಕೆ ಪರಿಹಾರ ಗಾಜಿನಲ್ಲಿದೆ. ಟಫನ್ ಮಾಡಿದ, ಅಂದರೆ ಕಾಯಿಸಿ ಹದ ಮಾಡಿದ ಗಾಜು ಗಟ್ಟಿ ಅಂದುಕೊಳ್ಳುತ್ತೇವೆ, ಆದರೆ ಚೂಪಾದ ಏಟು ಬಿದ್ದರೆ ಸಕ್ಕರೆ ಹರಳಿನ ಹಾಗೆ ಪೂರ್ತಿ ಉದುರಿಬಿಡುತ್ತೆ. ಲ್ಯಾಮಿನೇಟೆಡ್ ಗಾಜಿನ ಮಧ್ಯೆ ಪ್ಲಾಸ್ಟಿಕ್ ಪದರ ಇರುತ್ತದೆ, ಬಿರುಕು ಬಿಟ್ಟರೂ ಜಾಗ ಬಿಡುವುದಿಲ್ಲ. ಗಾಜು ಬದಲಿಸಲು ಆಗದಿದ್ದರೆ ಸೆಕ್ಯುರಿಟಿ ಫಿಲ್ಮ್ ಅಂಟಿಸಬಹುದು, ಅದೂ ಸ್ವಲ್ಪ ಹೊತ್ತು ತಡೆಯುತ್ತೆ.

ಜಾರುವ ಬಾಗಿಲಿಗೆ ಕೆಳಗಿನ ಹಳಿಯಲ್ಲಿ ಅಳತೆಗೆ ಕತ್ತರಿಸಿದ ಒಂದು ಕೋಲು ಇಡಿ. ಎತ್ತಿ ಕಳಚದ ಹಾಗೆ ಮೇಲಿನ ಹಳಿಗೆ ಒಂದೆರಡು ಸ್ಕ್ರೂ ಸ್ವಲ್ಪ ಹೊರಗೆ ಬಿಟ್ಟು ಹಾಕಿ. ಯುರೋ ಸಿಲಿಂಡರ್ ಬೀಗ, ಅಂದರೆ ಕೀ ಹಾಕುವ ಉರುಳೆ ಬಾಗಿಲಿನ ಆಚೆ ಈಚೆ ಹಾದುಹೋಗುವ ಬೀಗ, ಇರುವವರು ಆ ಉರುಳೆ ಹೊರಗಿನ ಪ್ಲೇಟಿನಿಂದ ಎಷ್ಟು ಚಾಚಿದೆ ನೋಡಿ. ಮೂರು ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಇಕ್ಕಳದಲ್ಲಿ ಹಿಡಿದು ಮುರಿಯಲು ಸುಲಭ. ಏಣಿ, ಹಾರೆ, ಸುತ್ತಿಗೆ ಹಿತ್ತಲಲ್ಲಿ ಬಿಡಬೇಡಿ, ಎಷ್ಟೋ ಕಡೆ ಕಳ್ಳ ಬಳಸಿದ್ದು ಮನೆಯವರದೇ ಸಲಕರಣೆ. ಹೂಕುಂಡದ ಕೆಳಗಿನ ಕೀ ಬಗ್ಗೆ ಹೇಳುವುದೇ ಬೇಡ, ಇವತ್ತೇ ತೆಗೆಯಿರಿ.

ಓದಿನಹುಚ್ಚು:

ಒಂದು ಸೇರಿಸುತ್ತೇನೆ. ಬಾಗಿಲು ಗಟ್ಟಿ ಮಾಡಿದರೆ ಉಪಯೋಗ ಇದೆಯಾ ಅನ್ನೋದಕ್ಕೆ ಒಳ್ಳೆಯ ಉದಾಹರಣೆ ನೆದರ್ಲೆಂಡ್ಸ್. 1999ರಿಂದ ಅಲ್ಲಿ ಕಟ್ಟುವ ಪ್ರತಿ ಹೊಸ ಮನೆಗೂ ಸುಲಭಕ್ಕೆ ಮೀಟಲಾಗದ ಬಾಗಿಲು, ಕಿಟಕಿ ಕಡ್ಡಾಯ ಆಯಿತು. ಆಮೇಲೆ ಲೆಕ್ಕ ಹಾಕಿದಾಗ ಆ ಹೊಸ ಮನೆಗಳಲ್ಲಿ ಕಳ್ಳತನ ಸುಮಾರು ಕಾಲು ಭಾಗ ಕಡಿಮೆಯಾಗಿತ್ತು. ಕ್ಯಾಮೆರಾ ಇಲ್ಲ, ಕಾವಲುಗಾರ ಇಲ್ಲ, ಬರೀ ಮರ, ಉಕ್ಕು, ಗಾಜು.

ಯುರೋಪಿನಲ್ಲಿ ಬಾಗಿಲಿಗೆ ಇಎನ್ 1627 ಅನ್ನುವ ಮಾನದಂಡ ಇದೆ. ಅದರ ಆರ್‌ಸಿ2 ದರ್ಜೆಯ ಬಾಗಿಲು ಪರೀಕ್ಷೆಯಲ್ಲಿ ಸ್ಕ್ರೂಡ್ರೈವರ್, ಇಕ್ಕಳ, ಬೆಣೆಯಂಥ ಸಾಮಾನ್ಯ ಸಲಕರಣೆಗೆ ಮೂರು ನಿಮಿಷ ತಡೆಯಬೇಕು. ಆರ್‌ಸಿ3 ಆದರೆ ಸನ್ನೆಕೋಲು ಕೂಡ ಬರುತ್ತೆ, ಐದು ನಿಮಿಷ. ಮೂರೇ ನಿಮಿಷನಾ ಅನ್ನಿಸಬಹುದು. ಬೇರೆಯವರ ಹಿತ್ತಲಲ್ಲಿ ಸದ್ದು ಮಾಡುತ್ತಾ ನಿಂತವನಿಗೆ ಅದು ಬಹಳ ದೊಡ್ಡ ಹೊತ್ತು.

ಹಿತ್ತಲಬಾಗಿಲು:

ಮಗಳು ಅವಳ ಕೋಣೆಯಲ್ಲಿ ಮಲಗುತ್ತಿಲ್ಲ. ನಮ್ಮ ಜೊತೆಗೇ ಮಲಗುತ್ತಾಳೆ, ಹಿತ್ತಲಲ್ಲಿ ಎಲೆ ಅಲ್ಲಾಡಿದರೂ ಏಳುತ್ತಾಳೆ. ಬೀಗದ ಪ್ರಶ್ನೆ ಅಲ್ಲ ಇದು, ಗೊತ್ತು. ಆದರೂ ಕೇಳೋಣ ಅನ್ನಿಸಿತು.

ಬೆಳಗಿನಪಾಳಿ:

ಕೇಳಿದ್ದು ಒಳ್ಳೆಯದಾಯ್ತು. ನಮ್ಮ ಮಗನಿಗೂ ಹಾಗೇ ಆಗಿತ್ತು, ನಿಜ ಹೇಳಬೇಕೆಂದರೆ ನನಗೂ. ಸಾಮಾನು ಹೋದದ್ದಕ್ಕಿಂತ, ಯಾರೋ ನಮ್ಮ ಬಟ್ಟೆ ಮುಟ್ಟಿದ್ದಾನೆ ಅನ್ನೋದು ಜಾಸ್ತಿ ಕಾಡುತ್ತೆ. "ಏನೂ ಆಗಲ್ಲ ಮಲಗು" ಅಂದರೆ ಮಕ್ಕಳು ನಂಬಲ್ಲ, ಯಾಕೆಂದರೆ ಆಗಿದೆಯಲ್ಲ. ನಮಗೆ ಕೆಲಸಕ್ಕೆ ಬಂದದ್ದು ಮಗನನ್ನೂ ಕೆಲಸಕ್ಕೆ ಸೇರಿಸಿಕೊಂಡದ್ದು. ಕಿಟಕಿಗೆ ಹೊಸ ಬೀಗ ಹಾಕುವಾಗ ಸ್ಕ್ರೂಡ್ರೈವರ್ ಅವನ ಕೈಗೆ ಕೊಟ್ಟೆ. ರಾತ್ರಿ ಎಲ್ಲ ಬಾಗಿಲು ಹಾಕಿದೆಯಾ ಅಂತ ನೋಡುವ ಜವಾಬ್ದಾರಿ ಇಬ್ಬರದು, ದಿನಾ ಒಂದೇ ಕ್ರಮದಲ್ಲಿ. ಒಂದೂವರೆ ತಿಂಗಳು ಹಿಡಿಯಿತು. ಆದರೂ ನಿದ್ದೆ ಸರಿಹೋಗದಿದ್ದರೆ ಆಪ್ತ ಸಲಹೆಗಾರರ ಹತ್ತಿರ ಕರೆದುಕೊಂಡು ಹೋಗಿ, ತಡ ಮಾಡಬೇಡಿ.

ಮೂರನೇಮಹಡಿ:

ಇನ್ನೆರಡು ಕೆಲಸ ಮರೆಯಬೇಡಿ. ಮನೆಯಲ್ಲಿ ಬಿಡಿ ಕೀ ಗೊಂಚಲು ಇತ್ತಾ? ಅದು ಇದೆಯಾ ನೋಡಿ. ಇಲ್ಲದಿದ್ದರೆ ಮುಂಬಾಗಿಲಿನ ಬೀಗವೂ ಬದಲಾಗಬೇಕು. ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆಗಿದ್ದ ಮೇಲ್, ಬ್ಯಾಂಕ್ ಎಲ್ಲದರ ಪಾಸ್‌ವರ್ಡ್ ಬದಲಿಸಿ. ಆಮೇಲೆ ಉಳಿದ ಸಾಮಾನಿನ ಫೋಟೊ, ಸೀರಿಯಲ್ ನಂಬರ್ ತೆಗೆದು ಮನೆಯ ಹೊರಗೆ ಎಲ್ಲಾದರೂ ಇಡಿ. ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ, ಅಂದರೆ ಐಎಂಇಐ ನಂಬರ್, *#06# ಒತ್ತಿದರೆ ಬರುತ್ತೆ. ಅಮ್ಮನ ಓಲೆ ಹಾಕಿಕೊಂಡ ಹಳೆಯ ಫೋಟೊ ಯಾವುದಾದರೂ ಇದ್ದರೆ ಪೊಲೀಸರಿಗೆ ಕೊಡಿ. ಒಡವೆ ಗುರುತಿಸಲು ಬಾಯಿಮಾತಿಗಿಂತ ಫೋಟೊ ಮೇಲು.

ಹಿತ್ತಲಬಾಗಿಲು:

ಇವತ್ತಿನ ಸುದ್ದಿ. ಹೊಸ ಚೌಕಟ್ಟು ಕೂತಿದೆ, ಉದ್ದನೆಯ ಸ್ಟ್ರೈಕ್ ಪ್ಲೇಟ್ ಹಾಕಿಸಿದೆವು. ಹಿಂದೆ ಇಟ್ಟಿಗೆ ಇತ್ತು, ಆಂಕರ್ ಹೊಡೆದರು. ಒಳಗೆ ಗುಬುಟಿನ ಬೀಗ. ಕೆಲಸದವರು ಹೋದ ಮೇಲೆ ಮಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವಳ ಕೋಣೆಯಿಂದ ಗೋಡೆ ಸವರುತ್ತಾ ಬಂದು ಬಾಗಿಲು ತೆರೆದಳು. ಮೊದಲ ಸಲ ಬೀಗ ಹುಡುಕಲು ತಡಕಾಡಿದಳು, ನಾಲ್ಕನೇ ಸಲಕ್ಕೆ ಸಲೀಸಾಯ್ತು.

ಪಕ್ಕದ ಎರಡು ಮನೆ, ಎದುರಿನ ಒಂದು, ಹಿಂದಿನ ಎರಡು, ಐದು ಮನೆಗೂ ಹೋಗಿ ನಡೆದದ್ದು ಹೇಳಿ ಬಂದೆ. ಹಿಂದಿನ ಮನೆಯಲ್ಲಿ ಒಬ್ಬರು ವಯಸ್ಸಾದವರು ಇದ್ದಾರೆ, ಇಷ್ಟು ವರ್ಷದಲ್ಲಿ ನಾವು ಮಾತೇ ಆಡಿರಲಿಲ್ಲ. ಅವತ್ತು ಹನ್ನೊಂದು ಗಂಟೆಗೆ ಏನೋ ಒಡೆದ ಸದ್ದು ಕೇಳಿತ್ತಂತೆ. ನೀವು ರಿಪೇರಿ ಮಾಡಿಸುತ್ತಿದ್ದೀರಿ ಅಂದುಕೊಂಡರಂತೆ. ನಮ್ಮ ಫೋನ್ ನಂಬರ್ ಅವರ ಹತ್ತಿರ ಇರಲಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಟ್ಟೆ, ಅವರು ಅದನ್ನು ಅಡುಗೆಮನೆಯ ಕಿಟಕಿ ಪಕ್ಕ, ನಮ್ಮ ಹಿತ್ತಲು ಕಾಣುವ ಕಡೆ ಅಂಟಿಸಿದರು.

ಹಳೆಯ ಅಲ್ಬಂ ತೆಗೆದು ಕೂತಿದ್ದೇನೆ. ಓಲೆ ಸರಿಯಾಗಿ ಕಾಣುವ ಫೋಟೊ ಒಂದು ಸಿಕ್ಕಿದೆ. ನಾಳೆ ಬೆಳಿಗ್ಗೆ ಠಾಣೆಗೆ ಕೊಟ್ಟು ಬರುತ್ತೇನೆ.